‘ಜಾಯಿಂಟ್ ರೆಸಲ್ಯೂಶನ್’ಗೆ ‘ಜಂಟಿ ನಿರ್ಣಯ’ ಎಂದರೆ ಸರಿಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್ ವಿಧಾನಮಂಡಲದ ಸಮಿತಿಯೊಂದರ ಕಾರ್ಯಸೂಚಿಯನ್ನು ಅಲ್ಲಿರುವ ಕನ್ನಡ ಓದುಗರಿಗಾಗಿ ಅನುವಾದಿಸುವ ಕೆಲಸ ನಡೆದಿದೆ. ಅದರಲ್ಲಿ ಸಿಂಪಲ್, ಕನ್ಕರೆಂಟ್, ಜಾಯಿಂಟ್ ಎಂದು ಮೂರು ಬಗೆಯ ರೆಸಲ್ಯೂಶನ್‌ಗಳಿವೆ. ನಿಘಂಟಿನ ಪ್ರಕಾರ ‘ಸರಳ ನಿರ್ಣಯ’, ‘ಸಮವರ್ತಿ ನಿರ್ಣಯ’, ‘ಜಂಟಿ ನಿರ್ಣಯ’ ಎಂದು ಬರೆದಾಯಿತು. ಓದಿದರೆ ಕನ್ನಡವೇನೋ ಹೌದು, ಆದರೆ ಅರ್ಥ ಎಲ್ಲೋ ಜಾರುತ್ತಿದೆ. ಜೊತೆಗೆ ‘ಸಮಿತಿಯು ತಿದ್ದುಪಡಿಯನ್ನು ತಿದ್ದುಪಡಿಯೊಂದಿಗೆ ಶಿಫಾರಸು ಮಾಡಿದೆ’ ಎಂಬಂಥ ವಾಕ್ಯಗಳನ್ನು ಹೇಗೆ ಬಿಡಿಸುವುದು? ರೆಸಲ್ಯೂಶನ್‌ಗೆ ನಿರ್ಣಯ, ಗೊತ್ತುವಳಿ, ಠರಾವು ಇವುಗಳಲ್ಲಿ ಯಾವುದು ಒಪ್ಪುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ

ಮೂರೂ ಪದಗಳು ಜಾರುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ‘ಜಂಟಿ’ ಎಲ್ಲಕ್ಕಿಂತ ಅಪಾಯಕಾರಿ, ಅದರಿಂದಲೇ ತೊಡಗುತ್ತೇನೆ.

ಕನ್ನಡ ಓದುಗನಿಗೆ ‘ಜಂಟಿ’ ಎಂದೊಡನೆ ನೆನಪಾಗುವುದು ಜಂಟಿ ಅಧಿವೇಶನ: ಎರಡೂ ಸದನಗಳ ಸದಸ್ಯರು ಒಂದೇ ಕಡೆ ಕೂತಿದ್ದಾರೆ, ರಾಜ್ಯಪಾಲರು ಭಾಷಣ ಮಾಡುತ್ತಿದ್ದಾರೆ. ಟೆಕ್ಸಾಸ್‌ನ ಜಾಯಿಂಟ್ ರೆಸಲ್ಯೂಶನ್‌ಗಾಗಿ ಎರಡು ಸದನಗಳು ಒಟ್ಟಿಗೆ ಕೂರುವುದಿಲ್ಲ. ಒಂದು ಸದನದಲ್ಲಿ ಹುಟ್ಟಿ, ಅಲ್ಲಿನ ಸಮಿತಿ ದಾಟಿ, ಅಲ್ಲಿ ಅಂಗೀಕಾರವಾಗಿ, ಆಮೇಲೆ ಇನ್ನೊಂದು ಸದನದ ಸಮಿತಿಗೆ ಹೋಗುತ್ತದೆ. ಅದರ ಮುಖ್ಯ ಕೆಲಸ ಟೆಕ್ಸಾಸ್ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸುವುದು. ಕೆಳಮನೆಯಲ್ಲಿ 150, ಸೆನೆಟ್‌ನಲ್ಲಿ 31 ಸದಸ್ಯರಿದ್ದಾರೆ. ಪ್ರತಿ ಸದನದಲ್ಲೂ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು, ಅಂದರೆ 100 ಮತ್ತು 21 ಮತಗಳು ಬೇಕು. ಹಾಜರಿದ್ದವರ ಮೂರನೇ ಎರಡು ಸಾಲದು. ನಮ್ಮ ಸಂವಿಧಾನದ ತಿದ್ದುಪಡಿಗೆ ಸಂಬಂಧಿಸಿದ 368ನೇ ವಿಧಿಯ ಲೆಕ್ಕ ಬೇರೆ: ಒಟ್ಟು ಸದಸ್ಯರ ಬಹುಮತದ ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. ಆದ್ದರಿಂದ ‘ವಿಶೇಷ ಬಹುಮತ’ ಎಂದಷ್ಟೇ ಬರೆದರೆ ಓದುಗ ನಮ್ಮ ಲೆಕ್ಕವನ್ನೇ ಊಹಿಸಿಕೊಳ್ಳುತ್ತಾನೆ. ‘ಒಟ್ಟು ಸದಸ್ಯಬಲದ’ ಎಂಬ ಮಾತನ್ನು ಬಿಡಬೇಡಿ. ಈ ಷರತ್ತು ಸದನಗಳಿಗೆ ಮಾತ್ರ, ಸಮಿತಿಯ ಮತದಾನಕ್ಕೆ ಅನ್ವಯಿಸುವುದಿಲ್ಲ ಎಂಬುದೂ ಅನುವಾದದಲ್ಲಿ ಕಲಸಿಹೋಗಬಾರದು.

ಇನ್ನೊಂದು ತೊಡಕಿದೆ. ಅದೇ ಜಾಯಿಂಟ್ ರೆಸಲ್ಯೂಶನ್ ಕ್ಯಾಲಿಫೋರ್ನಿಯಾದಲ್ಲಿ ಬೇರೆಯೇ ವಸ್ತು. ಅಲ್ಲಿ ಅದು ಒಕ್ಕೂಟಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ರಾಜ್ಯದ ಅಭಿಪ್ರಾಯ ತಿಳಿಸುವ ನಿರ್ಣಯ. ರಾಜ್ಯ ಸಂವಿಧಾನದ ತಿದ್ದುಪಡಿಗೆ ಅಲ್ಲಿ ಪ್ರತ್ಯೇಕ ವರ್ಗವೇ ಇದೆ: ಕೆಳಮನೆಯದಾದರೆ ಎಸಿಎ, ಸೆನೆಟ್‌ನದಾದರೆ ಎಸ್‌ಸಿಎ. 80ರಲ್ಲಿ 54, 40ರಲ್ಲಿ 27 ಮತ ಬೇಕು. ವಾಷಿಂಗ್ಟನ್‌ನ ಕಾಂಗ್ರೆಸ್‌ಗೆ ಹೋದರೆ ಮೂರನೆಯ ಅರ್ಥ: ಅಲ್ಲಿ ಅಧ್ಯಕ್ಷರ ಸಹಿ ಬಿದ್ದ ಜಾಯಿಂಟ್ ರೆಸಲ್ಯೂಶನ್ ಕಾನೂನೇ ಆಗುತ್ತದೆ, ಸಂವಿಧಾನ ತಿದ್ದುಪಡಿ ಸೂಚಿಸುವಂಥದಕ್ಕೆ ಮಾತ್ರ ಸಹಿ ಬೇಕಿಲ್ಲ. ಹೀಗೆ ಒಂದೇ ಹೆಸರಿಗೆ ಮೂರು ಕೆಲಸ ಇರುವಾಗ ಹೆಸರನ್ನು ಅನುವಾದಿಸಿ ಪ್ರಯೋಜನವಿಲ್ಲ, ಕೆಲಸವನ್ನು ಅನುವಾದಿಸಬೇಕು. ಟೆಕ್ಸಾಸ್‌ನದಕ್ಕೆ ‘ಸಂವಿಧಾನ ತಿದ್ದುಪಡಿ ನಿರ್ಣಯ’ ಎನ್ನಿ, ಕ್ಯಾಲಿಫೋರ್ನಿಯಾದ್ದಕ್ಕೆ ‘ಒಕ್ಕೂಟಕ್ಕೆ ಕಳಿಸುವ ನಿರ್ಣಯ’ ಎನ್ನಿ. ಎಚ್‌ಜೆಆರ್ (ಕೆಳಮನೆಯ ಜಾಯಿಂಟ್ ರೆಸಲ್ಯೂಶನ್), ಎಸ್‌ಜೆಆರ್ (ಸೆನೆಟ್‌ನದು) ಎಂಬ ಗುರುತುಗಳನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿ, ಓದುಗರು ಮೂಲವನ್ನು ಹುಡುಕಲು ಅದೊಂದೇ ದಾರಿ.

ಕ್ಯಾಲಿಫೋರ್ನಿಯಾ ಬಗೆಯದಕ್ಕೆ ನಮ್ಮಲ್ಲಿ ಒಳ್ಳೆಯ ಹೋಲಿಕೆಯಿದೆ. 371ಜೆ ವಿಧಿ ಬೇಕೆಂದು 2012ರ ಮಾರ್ಚ್‌ನಲ್ಲಿ ಕರ್ನಾಟಕದ ವಿಧಾನಸಭೆ ಮತ್ತು ವಿಧಾನ ಪರಿಷತ್ತು ಪ್ರತ್ಯೇಕವಾಗಿ ನಿರ್ಣಯ ಅಂಗೀಕರಿಸಿದವು. ಸಂವಿಧಾನ ತಿದ್ದಿದ್ದು ಆ ನಿರ್ಣಯಗಳಲ್ಲ, ಸಂಸತ್ತಿನ 98ನೇ ತಿದ್ದುಪಡಿ. ಭಾರತದ ರಾಜ್ಯಗಳಿಗೆ ತಮ್ಮದೇ ಸಂವಿಧಾನವಿಲ್ಲ (ಜಮ್ಮು ಕಾಶ್ಮೀರಕ್ಕೆ 2019ರವರೆಗೆ ಇತ್ತು), ಹಾಗಾಗಿ ‘ರಾಜ್ಯ ವಿಧಾನಮಂಡಲ ತನ್ನ ಸಂವಿಧಾನ ತಿದ್ದುತ್ತದೆ’ ಎಂಬ ಕಲ್ಪನೆಗೆ ವಿಧಾನಸೌಧದ ಭಾಷೆಯಲ್ಲಿ ಸಿದ್ಧ ಮಾತಿಲ್ಲ. ನಿಮ್ಮ ಅನುವಾದದಲ್ಲಿ ಬರಿಯ ‘ಸಂವಿಧಾನ’ ಎಂದು ಬಂದ ಕಡೆಯಲ್ಲೆಲ್ಲ ‘ಟೆಕ್ಸಾಸ್ ಸಂವಿಧಾನ’ ಅಥವಾ ‘ಅಮೆರಿಕ ಒಕ್ಕೂಟದ ಸಂವಿಧಾನ’ ಎಂದು ಬಿಡಿಸಿ ಬರೆಯಿರಿ, ಎಷ್ಟು ಸಲ ಬಂದರೂ ಸರಿ.

‘ಸಮವರ್ತಿ’ ಎಂಬುದು ನಮ್ಮಲ್ಲಿ ಸಮವರ್ತಿ ಪಟ್ಟಿಗೆ ಅಂಟಿಕೊಂಡಿರುವ ಪದ. ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರವಿರುವ ವಿಷಯ ಎಂಬ ಅರ್ಥ ತಾನಾಗಿ ಬಂದುಬಿಡುತ್ತದೆ. ಕನ್ಕರೆಂಟ್ ರೆಸಲ್ಯೂಶನ್ ಎಂದರೆ ಒಂದು ಸದನ ಮಾಡಿದ್ದಕ್ಕೆ ಇನ್ನೊಂದು ಸದನ ಒಪ್ಪಿದ್ದು. ‘ಸಹಮತ ನಿರ್ಣಯ’ ಅಥವಾ ‘ಉಭಯ ಸದನಗಳ ನಿರ್ಣಯ’ ನಿಲ್ಲುತ್ತದೆ, ಎರಡನೆಯದು ಪತ್ರಿಕೆ ಓದುವ ಯಾರಿಗೂ ತಿಳಿಯುತ್ತದೆ. ಟೆಕ್ಸಾಸ್‌ನಲ್ಲಿ ಸದನ ಮುಂದೂಡಿಕೆಯಂಥ ವಿಷಯ ಬಿಟ್ಟರೆ ಇದು ಗವರ್ನರ್ ಸಹಿಗೆ ಹೋಗುತ್ತದೆ. ಅದಕ್ಕಿಂತ ತೂಕದ ಸಂವಿಧಾನ ತಿದ್ದುಪಡಿ ನಿರ್ಣಯ ಹೋಗುವುದಿಲ್ಲ, ನೇರ ಮತದಾರರ ಮುಂದೆ ಹೋಗುತ್ತದೆ. ಅನುವಾದಕರು ಇದನ್ನು ತಪ್ಪೆಂದು ಭಾವಿಸಿ ‘ಗವರ್ನರ್ ಅಂಕಿತದ ಬಳಿಕ’ ಎಂದು ಸೇರಿಸಿಬಿಡುವುದುಂಟು. ಸೇರಿಸಬೇಡಿ.

‘ಸರಳ ನಿರ್ಣಯ’ ಎಂದರೆ ಸರಳ ಬಹುಮತದ ನಿರ್ಣಯವೆಂದು ಕೇಳಿಸುತ್ತದೆ. ‘ಒಂದೇ ಸದನದ ನಿರ್ಣಯ’ ಎಂದರೆ ಮುಗಿಯಿತು.

ಠರಾವು ಮರಾಠಿಯ ನಂಟಿನಿಂದ ಬಂದದ್ದು, ಗ್ರಾಮ ಪಂಚಾಯಿತಿ ಮತ್ತು ಸಹಕಾರಿ ಸಂಘಗಳ ನಡವಳಿ ಪುಸ್ತಕದಲ್ಲಿ ಜೀವಂತವಾಗಿದೆ. ಅಲ್ಲಿ ಅದನ್ನು ಮೀರಿಸುವ ಪದವಿಲ್ಲ, ಆದರೆ ವಿಧಾನಮಂಡಲಕ್ಕೆ ಹೊಂದದು. ಗೊತ್ತುವಳಿ ಅಚ್ಚಗನ್ನಡ, ಕೇಳಲು ಚಂದ, ಆದರೆ ಇಂದಿನ ಓದುಗರಿಗೆ ‘ಅವಿಶ್ವಾಸ ಗೊತ್ತುವಳಿ’ಯ ಹೊರಗೆ ಅಷ್ಟಾಗಿ ಪರಿಚಯವಿಲ್ಲ. ಹಿಂದಿಯ ಕಡತಗಳಿಂದ ‘ಸಂಕಲ್ಪ’ ಎಂದು ತರುವವರಿದ್ದಾರೆ. ಕನ್ನಡದಲ್ಲಿ ಸಂಕಲ್ಪ ಪೂಜೆಯ ಮಾತು, ಮನಸ್ಸಿನ ಮಾತು. ‘ನಿರ್ಣಯ’ವನ್ನೇ ಇಟ್ಟುಕೊಳ್ಳಿ. ಅದಕ್ಕಿರುವ ದೋಷ ಒಂದೇ: ವಂದನಾ ನಿರ್ಣಯ, ಅವಿಶ್ವಾಸ ನಿರ್ಣಯ ಎನ್ನುವಾಗ ಮೋಷನ್‌ಗೂ ಅದೇ ಪದ ಬಳಸುತ್ತೇವೆ. ನಿಮ್ಮ ಕಡತದಲ್ಲಿ ಮೋಷನ್ ಬಂದರೆ ನಿಲುವಳಿ ಸೂಚನೆಯ ಮಾದರಿಯಲ್ಲಿ ‘ಸೂಚನೆ’ ಎಂದು ಬೇರ್ಪಡಿಸಿ. ‘ಪ್ರಸ್ತಾವ’ ಪದವನ್ನು ಅದಕ್ಕೆ ಖರ್ಚು ಮಾಡಬೇಡಿ, ಮತಪತ್ರದಲ್ಲಿ ಮತದಾರರ ಮುಂದಿಡುವ ಪ್ರಪೋಸಿಷನ್‌ಗೆ ಅದು ಬೇಕಾಗುತ್ತದೆ. ಸದನದ ನಿರ್ಣಯದ ಸಂಖ್ಯೆ ಬೇರೆ, ಮತಪತ್ರದ ಪ್ರಸ್ತಾವದ ಸಂಖ್ಯೆ ಬೇರೆ. ವಾಸದ ಮನೆಗೆ ಶಾಲಾ ತೆರಿಗೆಯ ವಿನಾಯಿತಿಯನ್ನು 40,000 ಡಾಲರಿನಿಂದ 1,00,000ಕ್ಕೆ ಏರಿಸಿದ 2023ರ ತಿದ್ದುಪಡಿ ಸದನದಲ್ಲಿ ಎಚ್‌ಜೆಆರ್ 2, ಮತಪತ್ರದಲ್ಲಿ 4ನೇ ಪ್ರಸ್ತಾವ.

ತಿದ್ದುಪಡಿಯ ಗೊಂದಲಕ್ಕೆ ನನ್ನ ಸಲಹೆ: ‘ತಿದ್ದುಪಡಿ’ ಸಂವಿಧಾನಕ್ಕೆ ಮೀಸಲಾಗಿರಲಿ, ಸಮಿತಿ ಕರಡಿನಲ್ಲಿ ಮಾಡುವ ಬದಲಾವಣೆಗೆ ‘ಮಾರ್ಪಾಡು’. ಆಗ ನಿಮ್ಮ ವಾಕ್ಯ ‘ಸಂವಿಧಾನ ತಿದ್ದುಪಡಿ ನಿರ್ಣಯವನ್ನು ಸಮಿತಿಯು ಮಾರ್ಪಾಡಿನೊಂದಿಗೆ ಶಿಫಾರಸು ಮಾಡಿದೆ’ ಎಂದಾಗುತ್ತದೆ. ಸಮಿತಿ ಇಡೀ ಕರಡನ್ನೇ ಹೊಸದಾಗಿ ಬರೆದಿದ್ದರೆ ಅದು ಮಾರ್ಪಾಡಲ್ಲ, ‘ಸಮಿತಿಯ ಬದಲಿ ಕರಡು’.

ಮತ್ತೊಂದು ಉತ್ತರ

ಮೇಲಿನ ಉತ್ತರದಲ್ಲಿ ‘ಮಾರ್ಪಾಡು’ ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ವಿಧೇಯಕದ ಖಂಡಕ್ಕೆ ಸದಸ್ಯರು ಸೂಚಿಸುವ ಬದಲಾವಣೆಗೂ ನಮ್ಮ ಸದನಗಳಲ್ಲಿ ತಿದ್ದುಪಡಿ ಎಂದೇ ಹೇಳುತ್ತಾರೆ. ರೂಢಿಯ ಪದವನ್ನು ಒಂದು ಕಡತಕ್ಕಾಗಿ ಕಸಿದುಕೊಂಡರೆ ಮುಂದಿನ ಅನುವಾದಕರು ಎಡವುತ್ತಾರೆ. ‘ಸಂವಿಧಾನ ತಿದ್ದುಪಡಿ’, ‘ಕರಡು ತಿದ್ದುಪಡಿ’ ಎಂದು ಮುಂದೊಂದು ಪದ ಸೇರಿಸಿದರೆ ಸಾಕು.

ಕೇಳದಿದ್ದರೂ ಎಚ್ಚರಿಸಬೇಕಾದ ಎರಡು ಮಾತುಗಳಿವೆ. ಅಮೆರಿಕದಲ್ಲಿ ‘ಟೇಬಲ್’ ಮಾಡುವುದೆಂದರೆ ಬದಿಗಿಡುವುದು, ಚರ್ಚೆಯನ್ನು ನಿಲ್ಲಿಸುವುದು. ನಮ್ಮ ಬಳಕೆಯಲ್ಲಿ ಸದನದ ಮುಂದಿಡುವುದು. ‘ನಿರ್ಣಯವನ್ನು ಮಂಡಿಸಲಾಯಿತು’ ಎಂದು ಬರೆದರೆ ನಡೆದದ್ದಕ್ಕೆ ಪೂರ್ತಿ ವಿರುದ್ಧ ಅರ್ಥ ಬರುತ್ತದೆ, ‘ಬದಿಗಿರಿಸಲಾಯಿತು’ ಎನ್ನಿ. ಟೆಕ್ಸಾಸ್ ಸಮಿತಿಗಳ ನಡವಳಿಯಲ್ಲಿ ಪದೇಪದೇ ಬರುವ ‘ಲೆಫ್ಟ್ ಪೆಂಡಿಂಗ್’ ಕೂಡ ‘ತಡೆಹಿಡಿಯಲಾಗಿದೆ’ ಅಲ್ಲ. ಅಹವಾಲು ಕೇಳಿ ಆಗಿದೆ, ಮತಕ್ಕೆ ಹಾಕಿಲ್ಲ, ಸಮಿತಿ ಇನ್ನೊಂದು ದಿನ ಕೈಗೆತ್ತಿಕೊಳ್ಳಬಹುದು ಎಂದಷ್ಟೇ. ‘ಸಮಿತಿಯಲ್ಲಿ ಬಾಕಿ ಇದೆ’ ಎಂದು ಬರೆಯಿರಿ.