ಪಿಲಿಕುಳದಲ್ಲಿ ಸ್ವಯಂಸೇವೆ ಮಾಡಿದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಕೇಳಿದವರು, ಸುರತ್ಕಲ್

ನಮಸ್ಕಾರ. ನನ್ನ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಮುಂದಿನ ಕಾಲೇಜು ಶುರುವಾಗುವವರೆಗೆ ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಸ್ವಯಂಸೇವೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಪ್ರಾಣಿ ಅಂದರೆ ಅವಳಿಗೆ ಜೀವ. ಆದರೆ ಅಲ್ಲಿ ಏನು ಕೆಲಸ ಇರುತ್ತದೆ? ಅಪಾಯ ಉಂಟಾ? ಸುಮ್ನೆ ಕಸ ಹೆಕ್ಕಿ ಬರುವುದೇ ಆದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕ, ಕುಲಶೇಖರ

ಖಂಡಿತ ಕಳಿಸಿ ಮಾರಾಯ್ರೇ. ಶಾಲೆಯಿಂದ ನಿವೃತ್ತನಾದ ಮೇಲೆ ಎರಡು ವರ್ಷ ಭಾನುವಾರಗಳಲ್ಲಿ ನಾನು ಹೋಗಿದ್ದೇನೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆ ಕಡೆಯ ಬಸ್ಸು ಹಿಡಿದು ವಾಮಂಜೂರಿನಲ್ಲಿ ಇಳಿಯುತ್ತಿದ್ದೆ.

ಮೊದಲೇ ಒಂದು ಮಾತು. ಪ್ರಾಣಿಗಳನ್ನು ಮುಟ್ಟುವ ಆಸೆ ಇದ್ದರೆ ಬಿಟ್ಟುಬಿಡಲಿ. ಊಟ ಹಾಕುವುದು, ಗೂಡು ತೊಳೆಯುವುದು ಎಲ್ಲ ಕೀಪರ್‌ಗಳ ಕೆಲಸ. ನಾನು ನಿಲ್ಲುತ್ತಿದ್ದದ್ದು ಜನರ ಜೊತೆ. ಗಾಜಿಗೆ ಬಡಿಯಬೇಡಿ, ಕಲ್ಲು ಎಸೆಯಬೇಡಿ, ಚಿಪ್ಸ್ ಹಾಕಬೇಡಿ ಎಂದು ಹೇಳುವುದು. ಮೃಗಾಲಯದ ಪ್ರಾಣಿಗೆ ತೊಂದರೆ ಕೊಡುವುದು, ತಿಂಡಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಆದರೆ ಕಾಯ್ದೆಯ ಹೆಸರು ಹೇಳಿದರೆ ಜನ ಮುಖ ತಿರುಗಿಸುತ್ತಾರೆ. "ಅದಕ್ಕೆ ಹೊಟ್ಟೆನೋವು ಬರುತ್ತದೆ ಪುಟ್ಟ" ಎಂದು ಮಗುವಿಗೆ ಹೇಳಿದರೆ ಅಪ್ಪ ಅಮ್ಮ ತಾವಾಗಿಯೇ ಪ್ಯಾಕೆಟ್ ಒಳಗಿಡುತ್ತಾರೆ.

ಕಸದ ಬಗ್ಗೆ ಕೇಳಿದಿರಲ್ಲ, ಅದು ಸಣ್ಣ ಕೆಲಸ ಅಲ್ಲ. ಜಿಂಕೆ ಉಪ್ಪಿನ ರುಚಿಗೆ ಪ್ಲಾಸ್ಟಿಕ್ ಕವರನ್ನೂ ನುಂಗುತ್ತದೆ. ಅದು ಜೀರ್ಣ ಆಗುವುದಿಲ್ಲ. ಹೊಟ್ಟೆಯಲ್ಲೇ ಗಂಟಾಗಿ ಕುಳಿತು ಜೀವವನ್ನೇ ತೆಗೆಯಬಹುದು. ಗಾಳಿಗೆ ಬೇಲಿಯ ಕಡೆ ಹಾರುತ್ತಿದ್ದ ಒಂದು ಕವರನ್ನು ಓಡಿ ಹಿಡಿದ ದಿನ ನನಗೆ ರಾತ್ರಿ ನೆಮ್ಮದಿಯ ನಿದ್ದೆ ಬಂತು.

ಇನ್ನು ಸಂತೋಷದ ವಿಷಯ. ಅದು ಸಿಗಬೇಕಾದರೆ ಒಂದೇ ಪ್ರಾಣಿಯ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು. ನನ್ನದು ಹುಲಿ. ಪಿಲಿಕುಳ ಅಂದರೆ ತುಳುವಿನಲ್ಲಿ ಹುಲಿಯ ಕೊಳ ಅಲ್ವಾ, ಅಲ್ಲಿಂದಲೇ ಶುರು ಮಾಡಿದೆ. ಮೊದಲ ತಿಂಗಳು ಕಂಡದ್ದು ಮಲಗಿದ ಹುಲಿ ಮಾತ್ರ. ಆಮೇಲೆ ಒಂದೊಂದೇ ಕಾಣತೊಡಗಿತು. ಕಿವಿಯ ಹಿಂದೆ ದುಂಡಗಿನ ಬಿಳಿ ಮಚ್ಚೆ. ನಡೆಯುವಾಗ ಮುಂಗಾಲು ಎತ್ತಿದ ಜಾಗಕ್ಕೇ ಹಿಂಗಾಲು ಬಂದು ಕೂರುವ ರೀತಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ನಾನು ಗುರುತು ಹಿಡಿಯುತ್ತಿದ್ದದ್ದು ಕಣ್ಣಿನ ಮೇಲಿನ ಪಟ್ಟೆಯಿಂದ. ಪರಿಚಯದ ಕೀಪರ್ ಹತ್ತಿರ ಬಂದರೆ ಹುಲಿ ಮೂಗಿನಿಂದ ಫುರ್ ಫುರ್ ಎಂದು ಮೆತ್ತಗೆ ಸದ್ದು ಮಾಡುತ್ತದೆ. ಅದು ಹುಲಿಗಳ ನಮಸ್ಕಾರ. ಗರ್ಜನೆ ಕೇಳಿದವರು ಬಹಳ ಜನ ಇದ್ದಾರು. ಈ ಸದ್ದು ಕೇಳಬೇಕಾದರೆ ಕಾಯಬೇಕು.

ಒಮ್ಮೆ ದಸರೆಗೆ ಮೊದಲು ಹುಲಿವೇಷ ಹಾಕುವ ನಾಲ್ಕೈದು ಹುಡುಗರು ಬಂದಿದ್ದರು. ತಾಸೆ ವಾದ್ಯದ ಬಡಿತಕ್ಕೆ ಕುಣಿಯುವ ಹುಡುಗರು ಬೇಲಿಯ ಈಚೆ ಉಸಿರೆತ್ತದೆ ನಿಂತುಬಿಟ್ಟರು. ಅವರಲ್ಲೊಬ್ಬ ಹುಲಿ ಹೆಗಲು ತಗ್ಗಿಸುವುದನ್ನು ನೋಡಿ ತನ್ನ ಹೆಗಲನ್ನೂ ಹಾಗೇ ತಗ್ಗಿಸಿ ನೋಡುತ್ತಿದ್ದ. ಒಂದು ಗಂಟೆ ಕದಲಲಿಲ್ಲ. ನಾನು ಹುಲಿಯನ್ನು ಬಿಟ್ಟು ಅವನನ್ನೇ ನೋಡಿದೆ.

ಪಶುವೈದ್ಯ ವಿದ್ಯಾರ್ಥಿನಿ, ಉಡುಪಿ

ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಜಾರದ ಶೂ ಬೇಕು, ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಸೆಂಟ್ ಹಾಕಿಕೊಂಡು ಹೋಗುವುದು ಬೇಡ, ಪ್ರಾಣಿಗಳ ಮೂಗು ನಮ್ಮಂಥದ್ದಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇರಲಿ. ಮಧ್ಯಾಹ್ನದ ಸೆಕೆಯಲ್ಲಿ ಹೆಚ್ಚಿನವು ನೆರಳು ಹುಡುಕಿ ಮಲಗುತ್ತವೆ. ಒಂದು ಪುಸ್ತಕ, ಪೆನ್ಸಿಲ್ ಬೇಕೇ ಬೇಕು. ಗಂಟೆ ಬರೆದು, ಕಂಡದ್ದನ್ನು ಬರೆಯಲಿ. ಏನನ್ನೂ ಮಾಡದೆ ಮಲಗಿದ್ದರೆ ಅದನ್ನೂ ಬರೆಯಲಿ. ಓದಿಗೆ ಮುಂದೆ ತುಂಬಾ ಉಪಯೋಗ ಆಗುತ್ತದೆ, ನನಗೆ ಆಗಿದೆ.

ಮೂಡುಬಿದಿರೆಯಿಂದ

ಕಾಡುನಾಯಿಗಳನ್ನು ಮರೆಯಬೇಡಿ! ಹುಲಿ, ಸಿಂಹದ ಕಡೆ ಓಡುವವರು ಅಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ. ಕೆಂಪು ಮೈ, ಕಪ್ಪು ಪೊದೆಬಾಲ. ಬೊಗಳುವ ಬದಲು ಶಿಳ್ಳೆ ಹೊಡೆಯುತ್ತವೆ. ಕಾಡಿನಲ್ಲಿ ಚದುರಿದ ಗುಂಪು ಮತ್ತೆ ಸೇರುವುದು ಈ ಶಿಳ್ಳೆಯಿಂದಲೇ. ಮೊದಲ ಸಲ ಕೇಳಿದಾಗ ಯಾರೋ ಹುಡುಗರು ಎಂದುಕೊಂಡು ಹಿಂದೆ ತಿರುಗಿ ನೋಡಿದ್ದೆ. ಮುಂಗಾಲಿನ ಮೇಲೆ ನಿಂತು, ಹಿಂಗಾಲು ಎರಡೂ ಮೇಲೆತ್ತಿ ಮೂತ್ರ ಮಾಡುವುದೂ ಉಂಟು, ತಮ್ಮ ಜಾಗದ ಗುರುತಿಗೆ. ಅದನ್ನು ಕಣ್ಣಾರೆ ನೋಡಿದ ದಿನ ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದೆ.

ಪ್ರಾಣಿಗಳನ್ನು ಕೂಡಿ ಹಾಕುವುದು ಸರಿಯಾ ಎಂದು ಮಗಳು ಕೇಳಬಹುದು. ನನಗೂ ಆ ಪ್ರಶ್ನೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ನಮ್ಮ ಕಡೆ ಚಿರತೆ ಬಾವಿಗೆ ಬೀಳುವುದು, ಉರುಳಿಗೆ ಸಿಕ್ಕಿಕೊಳ್ಳುವುದು ನಿಮಗೆ ಗೊತ್ತಲ್ಲ. ಕಾಲು ಕಳಕೊಂಡ ಚಿರತೆಯನ್ನು ಮತ್ತೆ ಕಾಡಿಗೆ ಬಿಡಲು ಆಗುತ್ತದಾ? ಅಂಥದಕ್ಕೆ ಒಂದು ಜಾಗ ಬೇಕು.

ಕೇಳಿದವರು, ಸುರತ್ಕಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಚಿಂತೆ, ಅವಳಿಗೆ ಹಾವು ಅಂದರೆ ಭಯ. ಅಲ್ಲಿ ಕಾಳಿಂಗ ಉಂಟಲ್ಲ?

ನಿವೃತ್ತ ಶಿಕ್ಷಕ, ಕುಲಶೇಖರ

ಉಂಟು. ಕಾಳಿಂಗದ ಮರಿ ಮಾಡಿಸಿದ ಹೆಸರೂ ಪಿಲಿಕುಳಕ್ಕೆ ಉಂಟು. ಭಯ ಇದ್ದರೆ ಒತ್ತಾಯ ಬೇಡ, ದೂರದಿಂದ ನೋಡಲಿ. ಹೆಣ್ಣು ಕಾಳಿಂಗ ಮೈಯಿಂದಲೇ ತರಗೆಲೆ ಎಳೆದು ರಾಶಿ ಮಾಡಿ, ಅದರೊಳಗೆ ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಹೀಗೆ ಎಲೆಯ ಗೂಡು ಕಟ್ಟುವ ಹಾವು ಬೇರೆ ಇಲ್ಲ. ಮನುಷ್ಯರನ್ನು ಹುಡುಕಿಕೊಂಡು ಬರುವ ಹಾವಲ್ಲ ಅದು, ಅದರ ಊಟವೇ ಹೆಚ್ಚಾಗಿ ಬೇರೆ ಹಾವು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವನ್ನು ಬೇರೆಯೇ ಜಾತಿ ಎಂದು ಗುರುತಿಸಿದರು. ಇಟ್ಟ ಹೆಸರು 'ಓಫಿಯೋಫೇಗಸ್ ಕಾಳಿಂಗ', ನಮ್ಮದೇ ಮಾತು. ಇದನ್ನು ಮಕ್ಕಳಿಗೆ ಹೇಳುವಾಗ ನನಗೆ ಎದೆ ತುಂಬಿ ಬರುತ್ತಿತ್ತು.

ಅರ್ಜಿಯ ವಿಷಯ ಮಾತ್ರ ನೇರ ಅಲ್ಲಿನ ಕಚೇರಿಯಲ್ಲೇ ಕೇಳಿ. ವಾರಕ್ಕೊಂದು ದಿನ ಮೃಗಾಲಯಕ್ಕೆ ರಜೆ, ಅದನ್ನು ನೋಡಿಕೊಂಡು ಹೋಗಿ.

ಕೇಳಿದವರು, ಸುರತ್ಕಲ್

ನಿನ್ನೆ ಇಬ್ಬರೂ ಹೋಗಿ ಬಂದೆವು. ಕಚೇರಿಯಲ್ಲಿ ಅರ್ಜಿ ಬರೆದು ಕೊಟ್ಟಳು. ಸರ್ ಹೇಳಿದ ಹಾಗೆ ಒಂದೇ ಕಡೆ ನಿಂತೆವು, ಅವಳು ನೀರಾನೆ ಆರಿಸಿದಳು. ಮುಳುಗುವುದು, ಮೂಗು ಮಾತ್ರ ಮೇಲೆ ಬರುವುದು, ಕಿವಿ ಪಟಪಟ ಒದರುವುದು, ಮತ್ತೆ ಮುಳುಗುವುದು. ಎಷ್ಟು ಹೊತ್ತಿಗೆ ಉಸಿರಿಗೆ ಬರುತ್ತದೆ ಎಂದು ಅವಳು ಗಡಿಯಾರ ನೋಡಿ ಬರೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹಾವಿನ ಕಡೆ ಮುಂದಿನ ವಾರ ಹೋಗುವ ಅಂತ ಅವಳೇ ಹೇಳಿದ್ದಾಳೆ.