ಅತ್ತಿಗೆಯ ಇಂಜೆಕ್ಷನ್‌ಗೂ ಮರೆವಿಗೂ ಏನು ಸಂಬಂಧ?

ವಾಟ್ಸಾಪ್ ಗುಂಪು: ಮನೆ ಮಂದಿ, ದಾವಣಗೆರೆ

ಹರಿಹರದ ಮಾವ: (ಫಾರ್ವರ್ಡ್) ತೂಕ ಇಳಿಸುವ ಇಂಜೆಕ್ಷನ್ ಈಗ ಮರೆವಿಗೂ ಮದ್ದು! ದಪ್ಪ ಇರುವವರ ಮೆದುಳಿಗೆ ವರದಾನ. ನಿಮ್ಮವರಿಗೆಲ್ಲ ತಪ್ಪದೆ ಕಳಿಸಿ.

ಹರಿಹರದ ಮಾವ: ಎಲ್ಲರೂ ಓದಿ. ನಮ್ಮವ್ವ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಗುರುತೂ ಹಿಡಿಯುತ್ತಿರಲಿಲ್ಲ. ಆಗ ಇಂಥದ್ದೊಂದು ಔಷಧಿ ಇರಬೇಕಿತ್ತು.

ಚಿಕ್ಕಮ್ಮ: ಅಣ್ಣಾ, ನನಗೆ ಬಂದ ವಿಡಿಯೋದಲ್ಲಿ ಉಲ್ಟಾ ಹೇಳಿದ್ದಾರೆ. ಅದು ನೇರ ಮೆದುಳಿಗೇ ಹೋಗುತ್ತದಂತೆ. ಮನಸ್ಸು ಕುಗ್ಗಿ, ಜೀವ ಬೇಡ ಅನ್ನಿಸುತ್ತದಂತೆ. ಯಾರೂ ಅದರ ತಂಟೆಗೆ ಹೋಗಬೇಡಿ.

ಅತ್ತಿಗೆ: ಡಾಕ್ಟರ್ ನನಗೆ ಹೋದ ವಾರ ಅದನ್ನೇ ಬರೆದುಕೊಟ್ಟಿದ್ದಾರೆ. ಸೆಮಾಗ್ಲುಟೈಡ್. ಪೆನ್ ತಂದು ಫ್ರಿಜ್‌ನಲ್ಲಿ ಇಟ್ಟಿದ್ದೇನೆ, ಇನ್ನೂ ಚುಚ್ಚಿಕೊಂಡಿಲ್ಲ. ಈಗ ನೀವಿಬ್ಬರೂ ಹೀಗೆ ಹೇಳಿದರೆ ನಾನೇನು ಮಾಡಲಿ?

ಅಣ್ಣ: ಇಂಜೆಕ್ಷನ್ ಯಾಕೆ ಬೇಕು? ಬೆಳಿಗ್ಗೆ ಎದ್ದು ಕುಂದುವಾಡ ಕೆರೆ ಸುತ್ತು ಹಾಕಿ, ಬೆಣ್ಣೆ ದೋಸೆ ಬಿಟ್ಟರೆ ತೂಕ ತಾನಾಗೇ ಇಳಿಯುತ್ತದೆ. ಮನಸ್ಸು ಗಟ್ಟಿ ಇರಬೇಕು ಅಷ್ಟೇ.

ನಾನು: ಅಣ್ಣಾ, ಆ ಮಾತು ವಾಪಸ್ ತಗೋ. ಅತ್ತಿಗೆ ಎಷ್ಟು ವರ್ಷದಿಂದ ನಡೆಯುತ್ತಿದ್ದಾರೆ, ರಾತ್ರಿ ಒಂದೇ ಚಪಾತಿ ತಿನ್ನುತ್ತಿದ್ದಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಬರುವ ಕಾಯಿಲೆ ಅಲ್ಲ ಇದು.

ಅತ್ತಿಗೆ: ಊಟ ಮುಗಿಸಿ ತಟ್ಟೆ ತೊಳೆಯುವಾಗಲೇ ಮಂಡಕ್ಕಿ ಡಬ್ಬದ ಕಡೆ ಮನಸ್ಸು ಹೋಗುತ್ತದೆ. ಹೊಟ್ಟೆ ತುಂಬಿರುತ್ತದೆ, ಆದರೂ ಹೋಗುತ್ತದೆ. ಇಡೀ ಸಂಜೆ ಅದರ ಜೊತೆಗೇ ಗುದ್ದಾಟ. ಇದನ್ನ ಹೇಳಿದರೆ ಯಾರಿಗೂ ಅರ್ಥ ಆಗಲ್ಲ.

ನಾನು: ಡಾಕ್ಟರ್‌ಗೆ ಅರ್ಥ ಆಗಿದೆ ಅತ್ತಿಗೆ, ಅದಕ್ಕೇ ಬರೆದಿದ್ದಾರೆ. ಚಿಕ್ಕಮ್ಮ, ನೀವೂ ಕೇಳಿ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡುತ್ತದೆ. ‘ಸಾಕು’ ಅಂತ ಮೆದುಳಿಗೆ ತಿಳಿಸುವ ಹಾರ್ಮೋನ್‌ಗಳಲ್ಲಿ ಅದೂ ಒಂದು. ಸೆಮಾಗ್ಲುಟೈಡ್ ಅದನ್ನೇ ಹೋಲುತ್ತದೆ. ಕರುಳಿನ ಹಾರ್ಮೋನ್ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ, ಇದು ವಾರವಿಡೀ ಇರುತ್ತದೆ. ಹಸಿವು ನೋಡಿಕೊಳ್ಳುವ ಮೆದುಳಿನ ಭಾಗಗಳ ಮೇಲೆ ಅದು ಕೆಲಸ ಮಾಡುವುದು ನಿಜ. ಅತ್ತಿಗೆ ಹೇಳಿದ ಆ ಗುದ್ದಾಟ ಕಡಿಮೆ ಆಗುವುದು ಅದರಿಂದಲೇ. ಮೆದುಳಿಗೆ ಮುಟ್ಟುತ್ತದೆ ಅಂದ ಮಾತ್ರಕ್ಕೆ ಮೆದುಳು ಕೆಡುತ್ತದೆ ಅಂತ ಅಲ್ಲ.

ಚಿಕ್ಕಮ್ಮ: ಮತ್ತೆ ಆ ವಿಡಿಯೋ ಸುಳ್ಳಾ?

ನಾನು: ನಿಮ್ಮ ಹೆದರಿಕೆಗೆ ಒಂದು ಹಳೆ ಕಾರಣ ಇದೆ. ರಿಮೊನಾಬಂಟ್ ಅಂತ ತೂಕ ಇಳಿಸುವ ಮಾತ್ರೆ ಇತ್ತು. ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡಿದ್ದಕ್ಕೆ 2008ರಲ್ಲಿ ಯುರೋಪ್‌ನಲ್ಲಿ ನಿಲ್ಲಿಸಿದರು. ಅದು ಬೇರೆಯೇ ಜಾತಿಯ ಔಷಧಿ. ಆದರೂ ಈ ಇಂಜೆಕ್ಷನ್‌ಗಳ ಮೇಲೂ ಅದೇ ಅನುಮಾನ ಬಂತು, ಪರಿಶೀಲನೆ ಆಯ್ತು. ಆತ್ಮಹತ್ಯೆಯ ಯೋಚನೆಗೆ ಇದು ಕಾರಣ ಅನ್ನಲು ಆಧಾರ ಸಿಗಲಿಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಹೇಳಿತು. ಹಾಗಂತ ಮನಸ್ಸು ಸರಿ ಇಲ್ಲ ಅನ್ನಿಸಿದರೆ ಸುಮ್ನಿರಬಾರದು. ಡಾಕ್ಟರ್‌ಗೆ ಹೇಳಲೇಬೇಕು.

ಹರಿಹರದ ಮಾವ: ನೋಡಿದ್ರಾ, ಮೆದುಳಿಗೆ ಒಳ್ಳೇದು ಅಂದೆನಲ್ಲ!

ನಾನು: ಇಲ್ಲ ಮಾವ, ಅದೂ ಅಲ್ಲ. ಕೆಡಿಸುವುದಿಲ್ಲ ಅನ್ನೋದು ಬೇರೆ, ಮರೆವು ತಡೆಯುತ್ತದೆ ಅನ್ನೋದು ಬೇರೆ.

ಹರಿಹರದ ಮಾವ: ಸುಮ್ನೆ ಹೇಳುತ್ತಿಲ್ಲ ತಾಯಿ. ಅಮೆರಿಕದಲ್ಲಿ ಮಾಜಿ ಸೈನಿಕರ ದಾಖಲೆ ತೆಗೆದು ನೋಡಿದ್ದಾರೆ. ಸುಮಾರು 20 ಲಕ್ಷ ಜನರದ್ದು. ಈ ಜಾತಿಯ ಔಷಧಿ ತಗೊಂಡವರಲ್ಲಿ ಅಲ್ಝೈಮರ್ ಅನ್ನೋ ಮರೆವಿನ ಕಾಯಿಲೆ ಶೇ 12ರಷ್ಟು ಕಡಿಮೆ.

ನಾನು: ಆ ಅಧ್ಯಯನ ನಿಜ. 2025ರ ಜನವರಿಯಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅವರೆಲ್ಲ ಸಕ್ಕರೆ ಕಾಯಿಲೆಯವರು, ಹೆಚ್ಚಿನವರು ಗಂಡಸರು. ಆದರೆ ಅದು ಹಳೆ ದಾಖಲೆ ಇಟ್ಟುಕೊಂಡು ಹಾಕಿದ ಲೆಕ್ಕ. ಯಾವ ರೋಗಿಗೆ ಈ ದುಬಾರಿ ಔಷಧಿ ಬರೆಯುತ್ತಾರೆ? ಸರಿಯಾಗಿ ಚೆಕಪ್‌ಗೆ ಬರುವವನಿಗೆ, ಮೈ ಅಷ್ಟೇನೂ ಸೋತಿಲ್ಲದವನಿಗೆ ಬರೆಯುವುದು ಜಾಸ್ತಿ ಇರಬಹುದು. ಹಾಗಿದ್ದರೆ ಅವನಿಗೆ ಮರೆವು ಕಡಿಮೆ ಬಂದಿದ್ದು ಔಷಧಿಯಿಂದಲೇ ಅಂತ ಹೇಗೆ ಹೇಳುವುದು? ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ.

ಗಟ್ಟಿ ಪರೀಕ್ಷೆ ಅಂದರೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಅದೇ ಥರ ಕಾಣುವ ಸುಳ್ಳು ಮಾತ್ರೆ ಕೊಡುವುದು. ಅದನ್ನೂ ಮಾಡಿದ್ದಾರೆ ಮಾವ. ಇವೋಕ್, ಇವೋಕ್ ಪ್ಲಸ್ ಅಂತ ಎರಡು ಪರೀಕ್ಷೆ. 3,808 ಜನ, 55ರಿಂದ 85 ವರ್ಷದವರು, ಅಲ್ಝೈಮರ್‌ನ ಆರಂಭದ ಹಂತದವರು. ಅತ್ತಿಗೆಯ ಪೆನ್‌ನಲ್ಲಿರುವ ಸೆಮಾಗ್ಲುಟೈಡನ್ನೇ ಮಾತ್ರೆಯಾಗಿ ಕೊಟ್ಟರು. ಮಾಡಿಸಿದ್ದು ಅದನ್ನು ತಯಾರಿಸುವ ನೊವೊ ನಾರ್ಡಿಸ್ಕ್ ಕಂಪನಿಯೇ. 2025ರ ನವೆಂಬರ್‌ನಲ್ಲಿ ಫಲಿತಾಂಶ ಬಂತು. ರಕ್ತ, ಬೆನ್ನುಹುರಿ ನೀರಿನ ಪರೀಕ್ಷೆಯಲ್ಲಿ ಕೆಲವು ಗುರುತುಗಳು ಸ್ವಲ್ಪ ಸುಧಾರಿಸಿದವು. ಮರೆವು ಮಾತ್ರ ಎರಡೂ ಗುಂಪಿನಲ್ಲಿ ಒಂದೇ ವೇಗದಲ್ಲಿ ಹೆಚ್ಚಿತು.

ಆ ಸುದ್ದಿ ಈ ಗುಂಪಿಗೆ ಒಂದು ಸಲವೂ ಬರಲಿಲ್ಲ. ನನಗೆ ಬೇಜಾರು ಅದೇ. ಅಜ್ಜಿಯನ್ನ ನೋಡಿಕೊಂಡ ಮನೆ ನಮ್ಮದು. ನಮ್ಮಂಥವರಿಗೆ ಸುಳ್ಳು ಆಸೆ ಹುಟ್ಟಿಸುವುದು ಸುಲಭ.

ಹರಿಹರದ ಮಾವ: ಆದರೆ ಅವರಿಗೆಲ್ಲ ಆಗಲೇ ಕಾಯಿಲೆ ಬಂದಿತ್ತಲ್ಲ. ಬರುವ ಮೊದಲೇ, ನಡುವಯಸ್ಸಿನಲ್ಲೇ ಶುರು ಮಾಡಿದರೆ?

ನಾನು: ಸರಿಯಾದ ಪ್ರಶ್ನೆ ಮಾವ. ಅದು ಇನ್ನೂ ಬಗೆಹರಿದಿಲ್ಲ. ಇದೇ ಜಾತಿಯ ಡುಲಾಗ್ಲುಟೈಡ್ ತಗೊಂಡ ಸಕ್ಕರೆ ಕಾಯಿಲೆಯವರಲ್ಲಿ ಬುದ್ಧಿ ಮಂಕಾಗುವುದು ಶೇ 14ರಷ್ಟು ಕಡಿಮೆ ಕಂಡಿತು ಅಂತ 2020ರಲ್ಲಿ ಒಂದು ವರದಿ ಬಂತು. ಆದರೆ ಆ ಪರೀಕ್ಷೆ ಮಾಡಿದ್ದು ಮುಖ್ಯವಾಗಿ ಹೃದಯಕ್ಕೆ ಅಂತ, ಮರೆವಿಗೆ ಅಂತ ಅಲ್ಲ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ವಿಷಯದಲ್ಲಿ ಏನಾಯ್ತು ನೋಡಿ. 2024ರಲ್ಲಿ ಲಿಕ್ಸಿಸೆನಟೈಡ್‌ನ ಚಿಕ್ಕ ಪರೀಕ್ಷೆ ಆಸೆ ಹುಟ್ಟಿಸಿತು, 2025ರಲ್ಲಿ ಅದೇ ಜಾತಿಯ ಎಕ್ಸೆನಟೈಡ್ ಏನೂ ಉಪಯೋಗಕ್ಕೆ ಬರಲಿಲ್ಲ. ಅದಕ್ಕೇ ಹೇಳುತ್ತಿರುವುದು, ಮೆದುಳಿನ ಹೆಸರಲ್ಲಿ ಯಾರೂ ಇದನ್ನ ಶುರು ಮಾಡಬಾರದು, ಯಾರೂ ಬಿಡಲೂಬಾರದು.

ತಮ್ಮ: ಅಕ್ಕಾ, ಹಾಗಾದರೆ ತೂಕಕ್ಕೆ ಮಾತ್ರ ತಗೋಬಹುದಲ್ವಾ? ಪೇಟೆಂಟ್ ಮುಗಿದು ರೇಟ್ ಇಳಿದಿದೆಯಂತೆ. ಮದುವೆ ಹೊತ್ತಿಗೆ ಆರು ಕೆಜಿ ಇಳಿದರೆ ಸಾಕು. ನಿನ್ನ ಮೆಡಿಕಲ್ ಅಂಗಡಿಯಿಂದಲೇ ಒಂದು ಪೆನ್ ಕೊಡು.

ನಾನು: ಕೊಡಲ್ಲ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ, ನಿನಗಂತೂ ಬೇಡವೇ ಬೇಡ. ಬಿಟ್ಟ ಮೇಲೆ ತೂಕ ವಾಪಸ್ ಬರುತ್ತದೆ. ಒಂದು ಪರೀಕ್ಷೆಯಲ್ಲಿ ನಿಲ್ಲಿಸಿದ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ತಿರುಗಿ ಬಂತು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅಂಗಡಿಗೆ ಕೆಲವರು ಬರುತ್ತಾರೆ, ಬೇಗ ಇಳಿಯಲಿ ಅಂತ ತಾವೇ ಡೋಸ್ ಏರಿಸಿಕೊಂಡಿರುತ್ತಾರೆ. ದಿನವೂ ವಾಂತಿ, ಅನ್ನ ಸೇರಲ್ಲ. ಹಾಗೇ ವಾರಗಟ್ಟಲೆ ಎಳೆದರೆ ಬಿ1 ವಿಟಮಿನ್ ಖಾಲಿಯಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ಅಪರೂಪ, ಆದರೆ ಆಗಿದೆ. ಚಿಕ್ಕಮ್ಮ, ಮೆದುಳಿನ ಬಗ್ಗೆ ಹೆದರಬೇಕಾದ್ದು ಇಂಥದ್ದಕ್ಕೆ.

ಚಿಕ್ಕಮ್ಮ: ಇವನಿಗೆ ನಾನು ಹೇಳುತ್ತೇನೆ ಬಿಡು. ಹಾಗಾದರೆ ಅತ್ತಿಗೆ ತಗೊಳ್ಳೋದಾ, ಬೇಡವಾ?

ನಾನು: ಅತ್ತಿಗೆಗೆ ಸಕ್ಕರೆ ಇದೆ, ಬಿಪಿ ಇದೆ, ತೂಕ ಜಾಸ್ತಿ ಇದೆ. ಸಕ್ಕರೆ, ತೂಕಕ್ಕೆ ಅಂತ ಡಾಕ್ಟರ್ ಕೊಟ್ಟಿದ್ದಾರೆ, ಅಲ್ಲಿ ಇದರ ಕೆಲಸ ಸಾಬೀತಾಗಿದೆ. ಹೃದಯದ ವಿಷಯದಲ್ಲೂ ಸೆಲೆಕ್ಟ್ ಅಂತ ದೊಡ್ಡ ಪರೀಕ್ಷೆ ನಡೆಯಿತು, ಅದರಲ್ಲಿದ್ದವರು ಅತ್ತಿಗೆಯ ಹಾಗಲ್ಲ. 17,604 ಜನ, ಹೃದಯದ ಕಾಯಿಲೆ ಇದ್ದ ದಪ್ಪಗಿನವರು, ಸಕ್ಕರೆ ಇಲ್ಲದವರು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಮೂರೂ ಸೇರಿಸಿ ಶೇ 20ರಷ್ಟು ಕಡಿಮೆಯಾದವು. ನಡುವಯಸ್ಸಿನ ಬೊಜ್ಜು, ಸಕ್ಕರೆ, ಬಿಪಿ ಮುಂದೆ ಮರೆವಿಗೆ ದಾರಿ ಮಾಡುವುದು ಗೊತ್ತಿರುವ ವಿಷಯ. ಅವು ಹತೋಟಿಗೆ ಬಂದರೆ ಮೆದುಳಿನ ರಕ್ತನಾಳಕ್ಕೂ ಒಳ್ಳೆಯದೇ. ಅಷ್ಟು ನಂಬಬಹುದು, ಅದಕ್ಕಿಂತ ಜಾಸ್ತಿ ಬೇಡ.

ಮಾವ, ಮರೆವಿನ ಚಿಂತೆ ನಿಮಗೆ ನಿಜವಾಗಿ ಇದ್ದರೆ ಇನ್ನೊಂದು ಹೇಳಲಾ? ಮರೆವಿಗೆ ಸರಿಪಡಿಸಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ದೊಡ್ಡವುಗಳ ಸಾಲಿನಲ್ಲೇ ಕಿವಿ ಕೇಳಿಸದಿರುವುದೂ ಇದೆ. ನಿಮ್ಮ ಕಿವಿ ಮೆಷಿನ್ ಬೀರುವಿನಲ್ಲಿದೆ ಅಂತ ಅತ್ತೆ ಹೇಳಿದರು. ದಯವಿಟ್ಟು ಹಾಕಿಕೊಳ್ಳಿ.

ಹರಿಹರದ ಮಾವ: ಅದು ಕೀಂ ಅಂತ ಶಬ್ದ ಮಾಡುತ್ತದೆ ತಾಯಿ.

ನಾನು: ಕೊಂಡ ಕಡೆಗೇ ಹೋಗಿ ಸರಿ ಮಾಡಿಸೋಣ. ಭಾನುವಾರ ಹರಿಹರಕ್ಕೆ ನಾನೇ ಬರುತ್ತೇನೆ.

ಅತ್ತಿಗೆ: ಪೆನ್ ನೋಡಿದರೇ ಭಯ ಆಗುತ್ತೆ. ಹೇಗೆ ತಗೋಬೇಕು?

ನಾನು: ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಕೆಳಗಿನ ಅರೆಯಲ್ಲಿ 2ರಿಂದ 8 ಡಿಗ್ರಿ ಇರಲಿ. ವಾರಕ್ಕೊಂದೇ ಸಲ, ಮೊದಲ ನಾಲ್ಕು ವಾರ 0.25 ಮಿ.ಗ್ರಾಂ. ಪ್ರತಿ ಸಲ ಹೊಸ ಸೂಜಿ. ಹೊಟ್ಟೆಯ ಮೇಲೆ, ಹೊಕ್ಕುಳಿನಿಂದ ಸ್ವಲ್ಪ ದೂರದಲ್ಲಿ ಚುಚ್ಚಿ ಬಟನ್ ಒತ್ತಿ, ಪೆನ್ ಮೇಲಿನ ಪುಟ್ಟ ಕಿಟಕಿಯಲ್ಲಿ ಸೊನ್ನೆ ಬಂದ ಮೇಲೂ ನಿಧಾನಕ್ಕೆ ಆರರವರೆಗೆ ಎಣಿಸಿ, ಆಮೇಲೆ ಸೂಜಿ ತೆಗೆಯಿರಿ. ಮೊದಲ ಸಲ ನಾನೇ ಪಕ್ಕದಲ್ಲಿ ಇರುತ್ತೇನೆ. ಈಗ ಒಂದು ವಿಷಯ ಹೇಳಿ, ಬೆಳಿಗ್ಗೆ ತಗೊಳ್ಳೋ ಸಕ್ಕರೆ ಮಾತ್ರೆ ಯಾವುದು? ಪಟ್ಟಿಯ ಫೋಟೋ ಹಾಕಿ.

ಅತ್ತಿಗೆ: (ಫೋಟೋ)

ನಾನು: ಇದರಲ್ಲಿ ಗ್ಲಿಮಿಪಿರೈಡ್ ಇದೆ. ಇದು ಡಾಕ್ಟರ್‌ಗೆ ಗೊತ್ತಾ? ಇಂಜೆಕ್ಷನ್ ಜೊತೆ ಇದೂ ಸೇರಿ, ಊಟವೂ ಕಡಿಮೆಯಾದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಮಾತು ತಡವರಿಸುವುದು ಎಲ್ಲ ಆಗುತ್ತದೆ.

ಅತ್ತಿಗೆ: ಅವರು ಹೊಸ ಡಾಕ್ಟರ್. ಹಳೆ ಚೀಟಿ ತೋರಿಸಿರಲಿಲ್ಲ.

ಅಣ್ಣ: ನಾಳೆ ಬೆಳಿಗ್ಗೆ ರಜೆ ಹಾಕುತ್ತೇನೆ, ಇಬ್ಬರೂ ಹೋಗಿ ತೋರಿಸಿಕೊಂಡು ಬರುತ್ತೇವೆ. ಅಲ್ಲಿವರೆಗೂ ಚುಚ್ಚಿಕೊಳ್ಳೋದು ಬೇಡ.

ನಾನು: ಹಳೆ ಚೀಟಿ, ಮೂರು ತಿಂಗಳ ಸಕ್ಕರೆ ರಿಪೋರ್ಟ್, ಬಿಪಿ ಮಾತ್ರೆ ಎಲ್ಲ ಒಂದೇ ಕವರ್‌ಗೆ ಹಾಕಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ ಅಂತ ಕೇಳುತ್ತಾರೆ, ಇವತ್ತೇ ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿ ಅತ್ತಿಗೆ.