ಬ್ಲಾಗರ್‌ನಿಂದ ಸ್ವಂತ ವರ್ಡ್‌ಪ್ರೆಸ್‌ಗೆ: ಬರಹ ಬಂತು, ಹಳೆಯ ಕೊಂಡಿಗಳು ತೆರೆಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ 2009ರಿಂದ ಬರೆದ ಸುಮಾರು 600 ಕನ್ನಡ ಬರಹಗಳಿವೆ. ಸ್ವಂತ ಡೊಮೇನ್ (ತಾಣದ ಹೆಸರು) ಕೊಂಡು ಬ್ಲಾಗರ್‌ಗೇ ಜೋಡಿಸಿದ್ದೇನೆ. ಈಗ ಹೋಸ್ಟಿಂಗ್ (ಬಾಡಿಗೆಯ ಸರ್ವರ್ ಜಾಗ) ತೆಗೆದುಕೊಂಡು, ತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಹಾಕಿ, ಡಿಎನ್ಎಸ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ದಾಖಲೆ) ಬದಲಿಸುವ ಮೊದಲು ಎಲ್ಲವನ್ನೂ ಆಮದು ಮಾಡಿ ನೋಡಿದೆ. ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ಅನ್ನು ಹಳೆಯ ಮಾದರಿಯಲ್ಲೇ, ಅಂದರೆ ವರ್ಷ, ತಿಂಗಳು, ಬರಹದ ಹೆಸರು, ಕೊನೆಗೆ ಎಚ್‌ಟಿಎಂಎಲ್ ಎಂದು ಇಟ್ಟಿದ್ದೇನೆ. ಆದರೂ ಕೆಲವು ಕೊಂಡಿಗಳು 404 (ಪುಟ ಸಿಗಲಿಲ್ಲ), ಕೆಲವು ಅದೇ ತಿಂಗಳ ಬೇರಾವುದೋ ಬರಹ ತೆರೆಯುತ್ತವೆ. ಎಲ್ಲಿ ತಪ್ಪಿದೆ?

ಉತ್ತರ: ಸೆಟ್ಟಿಂಗ್ ಸರಿಯಾಗಿದೆ ಸರ್. ಇಂಗ್ಲಿಷ್ ಬ್ಲಾಗಿಗಾದರೆ ಅಷ್ಟು ಸಾಕಾಗುತ್ತಿತ್ತು. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತರುವುದಿಲ್ಲ, ಬರೀ ‘ಬ್ಲಾಗ್-ಪೋಸ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಬಿಡುತ್ತದೆ. ಅದೇ ತಿಂಗಳ ಮುಂದಿನ ಬರಹಕ್ಕೆ ಅಡಿಗೆರೆ ಹಾಕಿ ಒಂದು ಸಂಖ್ಯೆ ಸೇರಿಸುತ್ತದೆ. ತಿಂಗಳು ಬದಲಾದರೆ ಮತ್ತೆ ಮೊದಲಿನಿಂದ. ಹಾಗಾಗಿ ನಿಮ್ಮ 600ರಲ್ಲಿ ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರಿನವು ಹತ್ತಾರು ಇರುತ್ತವೆ.

ವರ್ಡ್‌ಪ್ರೆಸ್ ಇದಕ್ಕೆ ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಒಂದು ಸ್ಲಗ್ (ವಿಳಾಸದಲ್ಲಿ ಬರುವ ಬರಹದ ಹೆಸರು) ಇಡೀ ತಾಣದಲ್ಲಿ ಒಂದೇ ಬರಹಕ್ಕೆ ಇರಬೇಕು, ತಿಂಗಳು ಬೇರೆ ಎಂಬ ರಿಯಾಯಿತಿ ಇಲ್ಲ. ಎರಡನೆಯದು ಬಂದ ಕೂಡಲೇ ಹಿಂದೆ 2, ಆಮೇಲೆ 3 ಎಂದು ಅಂಟಿಸುತ್ತಾ ಹೋಗುತ್ತದೆ. ಹಳೆಯ ಕೊಂಡಿಗೆ ಸರಿಹೊಂದುವ ಸ್ಲಗ್ ಸಿಗದಿದ್ದಾಗ ಅದೇ ತಿಂಗಳಲ್ಲಿ ‘ಬ್ಲಾಗ್-ಪೋಸ್ಟ್’ ಎಂದು ಶುರುವಾಗುವ ಯಾವುದಾದರೂ ಬರಹವನ್ನು ಊಹಿಸಿ ಅಲ್ಲಿಗೆ ಕಳಿಸುತ್ತದೆ. ನೀವು ನೋಡುತ್ತಿರುವುದು ಅದನ್ನೇ. 404ಗಿಂತ ಇದು ಕೆಟ್ಟದ್ದು, ಓದುಗರಿಗೆ ತಪ್ಪಾಗಿದ್ದೇ ಗೊತ್ತಾಗುವುದಿಲ್ಲ.

ಆದ್ದರಿಂದ ಪರ್ಮಾಲಿಂಕ್ ಮಾದರಿಯನ್ನು ನಂಬಬೇಡಿ, ಬರಹಕ್ಕೊಂದು 301 (ಹಳೆಯ ವಿಳಾಸದಿಂದ ಹೊಸದಕ್ಕೆ ಕಾಯಂ ಆಗಿ ಕಳಿಸುವ ನಿಯಮ) ಬರೆಯಿರಿ. ಆಮದಿಗೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಬ್ಲಾಗರ್ ಇಂಪೋರ್ಟರ್ ಪ್ಲಗಿನ್ ಪ್ರತಿ ಬರಹದ ಹಳೆಯ ವಿಳಾಸವನ್ನು ಅದರ ಕಸ್ಟಮ್ ಫೀಲ್ಡಿನಲ್ಲಿ (ಬರಹದ ಜೊತೆಗಿನ ಹೆಚ್ಚುವರಿ ಮಾಹಿತಿಯ ಜಾಗ) ಉಳಿಸಿರುತ್ತದೆ. ಡೇಟಾಬೇಸಿನಿಂದ ಆ ಪಟ್ಟಿ ತೆಗೆದು ಎರಡು ಕಾಲಂ ಮಾಡಿ: ಹಳೆಯ ವಿಳಾಸ, ಹೊಸ ವಿಳಾಸ. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಕಡತ) ಆಗಿ ರಿಡೈರೆಕ್ಷನ್ ಪ್ಲಗಿನ್‌ಗೆ ಏರಿಸಿ. ಅಲ್ಲಿ ಪ್ರಶ್ನೆಚಿಹ್ನೆಯ ನಂತರದ ಭಾಗವನ್ನು ಕಡೆಗಣಿಸುವ ಆಯ್ಕೆ ಹಾಕುವುದನ್ನು ಮರೆಯಬೇಡಿ. ಮೊಬೈಲಿನಲ್ಲಿ ತೆರೆದಾಗ ಬ್ಲಾಗರ್ ವಿಳಾಸದ ಕೊನೆಗೆ ‘ಎಂ=1’ ಸೇರಿಸುತ್ತಿತ್ತು, ವಾಟ್ಸಾಪಿನಲ್ಲಿ ಹರಿದಾಡಿದ ಕೊಂಡಿಗಳಲ್ಲಿ ಅದು ಇದ್ದೇ ಇರುತ್ತದೆ. ಲೇಬಲ್ (ವಿಷಯವಾರು) ಪುಟಗಳಿಗೂ, ಹೊಸ ಬರಹಗಳನ್ನು ಚಂದಾದಾರರಿಗೆ ತಲುಪಿಸುವ ಹಳೆಯ ಫೀಡಿಗೂ ಒಂದೊಂದು ನಿಯಮ ಬೇಕು.

ಪ್ರಶ್ನೆ: ಧನ್ಯವಾದ ಸರ್. ಹೊಸ ಸ್ಲಗ್‌ಗಳನ್ನು ಕನ್ನಡದಲ್ಲೇ ಇಡಲೇ? ಚಿತ್ರಗಳೂ ಕಾಣುತ್ತಿವೆ, ಅಲ್ಲಿಗೆ ಮುಗಿಯಿತು ತಾನೇ?

ಉತ್ತರ: ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ಕೈಯಲ್ಲೇ ಬರೆಯಿರಿ. ಸ್ಲಗ್‌ಗೆ ಡೇಟಾಬೇಸಿನಲ್ಲಿರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ 9 ಅಕ್ಷರ ನುಂಗುತ್ತದೆ, ಸೊನ್ನೆ, ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸಂಕ್ರಾಂತಿ’ ಒಂದಕ್ಕೇ 81 ಹೋಯಿತು. ಒಟ್ಟು 22 ಸಂಕೇತಕ್ಕೆ ಸ್ಲಗ್ ತುಂಡಾಗುತ್ತದೆ.

ಚಿತ್ರಗಳು ಕಾಣುತ್ತಿವೆ ಎಂದರೆ ನಿಮ್ಮಲ್ಲಿವೆ ಎಂದಲ್ಲ. ಬ್ಲಾಗರ್‌ನಿಂದ ಇಳಿಸಿದ ಬ್ಯಾಕಪ್ ಎಕ್ಸ್‌ಎಂಎಲ್ ಕಡತದಲ್ಲಿ ಇರುವುದು ಚಿತ್ರಗಳ ವಿಳಾಸ ಮಾತ್ರ. ಯಾವುದಾದರೂ ಚಿತ್ರದ ವಿಳಾಸ ನೋಡಿ. ಗೂಗಲ್ ಸರ್ವರ್ ತೋರಿಸಿದರೆ ಇನ್ನೂ ಇಳಿದಿಲ್ಲ. ಇಳಿಸುವಾಗ ವಿಳಾಸದ ನಡುವಿನ ‘ಎಸ್320’ ಅನ್ನು ‘ಎಸ್1600’ ಮಾಡಿ, ಇಲ್ಲದಿದ್ದರೆ ಚಿಕ್ಕ ಪ್ರತಿ ಬರುತ್ತದೆ.

ಇನ್ನೊಬ್ಬರ ಸೇರ್ಪಡೆ: ಡಿಎನ್ಎಸ್ ಬಗ್ಗೆ ಎರಡು ಮಾತು. ಬದಲಿಸುವ ಹಿಂದಿನ ದಿನವೇ ಟಿಟಿಎಲ್ (ಹಳೆಯ ಡಿಎನ್ಎಸ್ ಉತ್ತರವನ್ನು ಬೇರೆ ಸರ್ವರ್‌ಗಳು ನೆನಪಿಡುವ ಅವಧಿ) 300 ಸೆಕೆಂಡಿಗೆ ಇಳಿಸಿ. ಆಮೇಲೆ 216.239 ಎಂದು ಶುರುವಾಗುವ ಗೂಗಲ್‌ನ ನಾಲ್ಕೂ ಎ ರೆಕಾರ್ಡ್ (ಡೊಮೇನನ್ನು ಸರ್ವರಿನ ಸಂಖ್ಯಾ ವಿಳಾಸಕ್ಕೆ ಜೋಡಿಸುವ ಸಾಲು) ತೆಗೆಯಿರಿ. ಒಂದು ಉಳಿದರೂ ಕೆಲವರಿಗೆ ಹೊಸ ತಾಣ ತೆರೆಯುತ್ತದೆ, ಕೆಲವರು ಗೂಗಲ್ ಸರ್ವರಿಗೇ ಹೋಗುತ್ತಾರೆ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ವಿನ ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಜೋಡಿಸುವ ಡಿಎನ್ಎಸ್ ಸಾಲು) ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ. ಕೂಡಲೇ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್ಎಸ್ಎಲ್ ಪ್ರಮಾಣಪತ್ರ ಹಾಕಿಸಿ. ಹಳೆಯ ಕೊಂಡಿಗಳು ಎಚ್‌ಟಿಟಿಪಿಎಸ್ ಆಗಿದ್ದರೆ ಅಲ್ಲಿಯವರೆಗೂ ಬ್ರೌಸರ್ ಎಚ್ಚರಿಕೆ ಕೊಡುತ್ತದೆ.

ಬರಹಗಳ ಒಳಗೆ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ (ಬ್ಲಾಗರ್‌ನ ಹಳೆಯ ಭಾರತದ ವಿಳಾಸ) ಎಂದು ಕೊಟ್ಟ ಕೊಂಡಿಗಳಿದ್ದರೆ ಈಗಲೇ ಬದಲಿಸಿ. ಆ ಡೊಮೇನ್ 2020ರಲ್ಲಿ ಗೂಗಲ್ ಕೈತಪ್ಪಿತು.

ಪ್ರಶ್ನೆ: ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಡೊಮೇನ್ ಇಲ್ಲ, ಬ್ಲಾಗರ್ ಕೊಟ್ಟ ಬರೀ ಬ್ಲಾಗ್‌ಸ್ಪಾಟ್ ವಿಳಾಸ. ನನಗೂ 301 ಆಗುತ್ತದೆಯೇ?

ಉತ್ತರ: ಇಲ್ಲ ಮೇಡಂ. ಆ ಸರ್ವರ್ ಗೂಗಲ್‌ದು, ಬೇರೆ ತಾಣಕ್ಕೆ 301 ಕೊಡಲು ಬಿಡುವುದಿಲ್ಲ. ಥೀಮಿನಲ್ಲಿ ಕ್ಯಾನೊನಿಕಲ್ ಟ್ಯಾಗ್ (ಮೂಲ ಪುಟ ಯಾವುದೆಂದು ಹುಡುಕುತಾಣಗಳಿಗೆ ಹೇಳುವ ಗುರುತು) ಮತ್ತು ಜಾವಾಸ್ಕ್ರಿಪ್ಟ್ ಹಾಕಿ ಓದುಗರನ್ನು ಆಯಾ ಬರಹಕ್ಕೇ ದಾಟಿಸಬಹುದು. ಎಲ್ಲರನ್ನೂ ಮುಖಪುಟಕ್ಕೆ ಕಳಿಸಬೇಡಿ. ಫೀಡನ್ನು ಬ್ಲಾಗರ್ ಸೆಟ್ಟಿಂಗಿನಲ್ಲೇ ತಿರುಗಿಸಬಹುದು. ಹಳೆಯ ಬ್ಲಾಗನ್ನು ಮಾತ್ರ ಅಳಿಸಬೇಡಿ, ಅಳಿಸಿದರೆ ದಾಟಿಸಲು ಅಲ್ಲಿ ಪುಟವೇ ಇರುವುದಿಲ್ಲ.